ಎಂಟು ದಿನಕ್ಕೆ ಹೋದವರು ಒಂಬತ್ತು ತಿಂಗಳು ಉಳಿದಾಗ: ಸುನಿತಾ, ಬುಚ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾಸಾದ ಗಗನಯಾತ್ರಿಗಳಾದ ಸುನಿತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಭೂಮಿಗೆ ಇಳಿದದ್ದು 2025ರ ಮಾರ್ಚ್‌ನಲ್ಲಿ. ಆದರೂ ಅವರ ಬಗೆಗಿನ ಪ್ರಶ್ನೆಗಳು ನಿಂತಿಲ್ಲ. ಆ ಒಂಬತ್ತು ತಿಂಗಳಲ್ಲಿ ಜನ ಮರುಗಿದರು, ಬೈದರು, ಪೂಜೆ ಮಾಡಿಸಿದರು, ಅನುಮಾನಪಟ್ಟರು. ಮೇಲಿದ್ದ ಇಬ್ಬರು ಮಾತ್ರ ತಮಗೇನೂ ತೊಂದರೆ ಇಲ್ಲ ಅಂತಲೇ ಹೇಳುತ್ತಾ ಬಂದರು. ಯಾವ ಆತಂಕಕ್ಕೆ ಕಾರಣ ಇತ್ತು, ಯಾವುದು ಸುಮ್ನೆ ಗಾಳಿಸುದ್ದಿ ಅಂತ ನೋಡೋಣ.

ಎಂಟು ದಿನ ಅಂದಿದ್ದು ಒಂಬತ್ತು ತಿಂಗಳಾಗಿದ್ದು ಹೇಗೆ?

2024ರ ಜೂನ್ 5ರಂದು ಫ್ಲಾರಿಡಾದ ಕೇಪ್ ಕೆನವೆರಲ್‌ನಿಂದ ಇಬ್ಬರೂ ಹೊರಟರು. ನೌಕೆ ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್. ಅದರಲ್ಲಿ ಮನುಷ್ಯರು ಕೂತು ಹೋಗಿದ್ದು ಅದೇ ಮೊದಲು. ಇದು ಪರೀಕ್ಷಾ ಹಾರಾಟ ಅನ್ನುವುದನ್ನು ಆಮೇಲೆ ಎಲ್ಲರೂ ಮರೆತೇಬಿಟ್ಟರು.

ಹೊರಡುವ ಮೊದಲೇ ಒಂದು ಕಡೆ ಹೀಲಿಯಂ ಸೋರುತ್ತಿರುವುದು ಗೊತ್ತಿತ್ತು. ಸಣ್ಣದು, ನಡೆಯುತ್ತೆ ಅಂದುಕೊಂಡರು. ಮೇಲೆ ಹೋದ ಮೇಲೆ ಇನ್ನೂ ನಾಲ್ಕು ಕಡೆ ಸೋರಿತು. ಮಾರನೇ ದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹತ್ತಿರ ಬರುವಾಗ, ನೌಕೆಯನ್ನು ಆಚೀಚೆ ತಿರುಗಿಸುವ 28 ಪುಟ್ಟ ಥ್ರಸ್ಟರ್‌ಗಳಲ್ಲಿ 5 ಕೈಕೊಟ್ಟವು. ಅವುಗಳಲ್ಲಿ ನಾಲ್ಕನ್ನು ಮತ್ತೆ ಚಾಲೂ ಮಾಡಿ ನೌಕೆಯನ್ನು ನಿಲ್ದಾಣಕ್ಕೆ ಜೋಡಿಸಿದರು.

ಅಲ್ಲಿಂದ ಶುರುವಾಯಿತು ತಲೆನೋವು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ಅಂಥದ್ದೇ ಒಂದು ಥ್ರಸ್ಟರ್ ಇಟ್ಟು ಮತ್ತೆ ಮತ್ತೆ ಉರಿಸಿ ನೋಡಿದರು. ಬಿಸಿಗೆ ಒಳಗಿನ ಟೆಫ್ಲಾನ್ ಸೀಲ್ ಉಬ್ಬಿಕೊಂಡು ಇಂಧನದ ದಾರಿಗೆ ಅಡ್ಡ ಬರುತ್ತಿರುವಂತೆ ಕಂಡಿತು. ವಾಪಸ್ ಬರುವಾಗ ಇದೇ ಆದರೆ? ಆಗುವುದಿಲ್ಲ ಅಂತ ಬೋಯಿಂಗ್ ಹೇಳಿತು. ನಾಸಾಗೆ ಧೈರ್ಯ ಬರಲಿಲ್ಲ. ಆಗಸ್ಟ್ 24ರಂದು ತೀರ್ಮಾನ ಹೊರಬಿತ್ತು: ಸ್ಟಾರ್‌ಲೈನರ್ ಖಾಲಿ ಬರಲಿ, ಇವರಿಬ್ಬರು 2025ರ ಫೆಬ್ರವರಿಯಲ್ಲಿ ಸ್ಪೇಸ್‌ಎಕ್ಸ್‌ ಕಂಪನಿಯ ಡ್ರಾಗನ್ ನೌಕೆಯಲ್ಲಿ ಬರಲಿ.

ಸೆಪ್ಟೆಂಬರ್ 6ರ ರಾತ್ರಿ ಖಾಲಿ ಸ್ಟಾರ್‌ಲೈನರ್ ಮರುಭೂಮಿಯಲ್ಲಿ ಸಲೀಸಾಗಿ ಇಳಿಯಿತು. "ನೋಡಿ, ಅದರಲ್ಲೇ ಬರಬಹುದಿತ್ತು" ಅಂದವರು ಬಹಳ ಜನ. ಗೊತ್ತಾದ ಮೇಲೆ ಹೇಳುವುದು ಸುಲಭ.

ಹಾಗಾದರೆ ಅವರು ನಿಜವಾಗಿಯೂ ಅಲ್ಲಿ ಸಿಕ್ಕಿಹಾಕಿಕೊಂಡಿದ್ರಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಮೂರು ಹಂತಗಳಾಗಿ ನೋಡಿದರೆ ಉತ್ತರ ಸಿಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಸ್ಟಾರ್‌ಲೈನರ್ ಅಲ್ಲೇ ಇತ್ತು. ನಿಲ್ದಾಣಕ್ಕೇ ಅಪಾಯ ಬಂದಿದ್ದರೆ ಅದರಲ್ಲೇ ಇಳಿಯಬೇಕಿತ್ತು. ನಂಬಿಕೆ ಕಮ್ಮಿ ಇದ್ದರೂ ಗಾಡಿ ಅಂತ ಒಂದಿತ್ತು.

ಆಮೇಲಿನ ಸುಮಾರು ಮೂರು ವಾರ ಇಕ್ಕಟ್ಟಿನದ್ದು. ಸ್ಟಾರ್‌ಲೈನರ್ ಹೋಗಿತ್ತು, ಹೊಸ ಡ್ರಾಗನ್ ಬಂದಿರಲಿಲ್ಲ. ನಿಲ್ದಾಣದಲ್ಲಿ ಇಂಥ ನೌಕೆಗಳು ಬಂದು ಸೇರುವ ಜಾಗ ಇರುವುದೇ ಎರಡು. ಒಂದು ಖಾಲಿಯಾಗದೆ ಇನ್ನೊಂದು ಬರುವ ಹಾಗಿಲ್ಲ. ಆ ಅವಧಿಯಲ್ಲಿ ತುರ್ತು ಬಂದಿದ್ದರೆ ಏನು ಮಾಡಬೇಕು ಅಂತಲೂ ಯೋಚಿಸಿದ್ದರು. ಆಗಲೇ ಅಲ್ಲಿದ್ದ ನಾಲ್ಕು ಸೀಟಿನ ಡ್ರಾಗನ್‌ನಲ್ಲಿ, ಸೀಟುಗಳ ಕೆಳಗೆ ಸಾಮಾನು ಇಡುವ ಜಾಗದಲ್ಲಿ ಫೋಮ್ ಹಾಸಿ, ಬೆಲ್ಟ್ ಬಿಗಿದು ಇಬ್ಬರನ್ನೂ ಮಲಗಿಸಿ ತರುವುದು! ಬೋಯಿಂಗ್‌ನ ನೀಲಿ ಸೂಟ್ ಡ್ರಾಗನ್‌ಗೆ ಹೊಂದುವುದಿಲ್ಲ. ಸುನಿತಾಗೆ ಆಗುವ ಸ್ಪೇಸ್‌ಎಕ್ಸ್ ಸೂಟ್ ಒಂದು ನಿಲ್ದಾಣದಲ್ಲಿತ್ತು. ಬುಚ್‌ದು ಮುಂದಿನ ನೌಕೆಯಲ್ಲಿ ಬರಬೇಕಿತ್ತು. ಯಾರಾದರೂ ನಿಜವಾಗಿ ಹೆದರಬೇಕಿದ್ದರೆ ಈ ಮೂರು ವಾರ ಹೆದರಬೇಕಿತ್ತು. ಆದರೆ ಆ ಹೊತ್ತಿಗೆ ಸುದ್ದಿ ಸ್ವಲ್ಪ ತಣ್ಣಗಾಗಿತ್ತು.

ಸೆಪ್ಟೆಂಬರ್ 29ಕ್ಕೆ ನಿಕ್ ಹೇಗ್ ಮತ್ತು ರಷ್ಯಾದ ಅಲೆಕ್ಸಾಂಡರ್ ಗೊರ್ಬುನೊವ್ ಎರಡು ಖಾಲಿ ಸೀಟುಗಳ ಡ್ರಾಗನ್ ತಂದರು. ಅಂದಿನಿಂದ ಇವರಿಬ್ಬರಿಗೂ ತಮ್ಮದೇ ಸೀಟು ಇತ್ತು. ಟಿವಿಯಲ್ಲಿ "ಬಾಹ್ಯಾಕಾಶದಲ್ಲಿ ಬಂದಿ" ಅಂತ ಕೂಗಿದ್ದರಲ್ಲಿ ಬಹುಪಾಲು ಅದಾದ ಮೇಲಿನದ್ದು.

ಸೆಪ್ಟೆಂಬರ್‌ನಲ್ಲೇ ಸೀಟು ಬಂದಿದ್ದರೆ ಕೂಡಲೇ ಇಳಿಸಬಹುದಿತ್ತಲ್ವಾ?

ಇಳಿಸಬಹುದಿತ್ತು. ಆದರೆ ಆ ನೌಕೆ ನಾಲ್ಕೂ ಜನರನ್ನು ಕರೆದುಕೊಂಡು ಹೊರಟಿದ್ದರೆ, ಅಕ್ಟೋಬರ್ ಕೊನೆಯಲ್ಲಿ ಹಳೇ ತಂಡವೂ ಹೋದ ಮೇಲೆ ನಿಲ್ದಾಣದಲ್ಲಿ ಉಳಿಯುತ್ತಿದ್ದ ಅಮೆರಿಕದವರು ಡಾನ್ ಪೆಟಿಟ್ ಒಬ್ಬರೇ. ಅಷ್ಟು ದೊಡ್ಡ ನಿಲ್ದಾಣದ ಅರ್ಧ ಭಾಗವನ್ನು ಒಬ್ಬರು ನೋಡಿಕೊಳ್ಳೋದು ಆಗದ ಮಾತು. ಇವರಿಬ್ಬರಿಗಾಗಿ ಪ್ರತ್ಯೇಕ ಡ್ರಾಗನ್ ಕಳಿಸುವುದು ಇನ್ನೊಂದು ದಾರಿ. ಅದಕ್ಕೆ ನೂರಾರು ಮಿಲಿಯನ್ ಡಾಲರ್ ಬೇಕು. ಹಾಗಾಗಿ ನಾಸಾ ಇಬ್ಬರನ್ನೂ ಮಾಮೂಲಿ ಆರು ತಿಂಗಳ ಪಾಳಿಗೆ ಸೇರಿಸಿತು. ಸುನಿತಾ ನಿಲ್ದಾಣದ ಕಮಾಂಡರ್ ಆದರು.

ಇಲ್ಲಿ ಜನ ಅಷ್ಟಾಗಿ ನೆನೆಯದ ಇಬ್ಬರಿದ್ದಾರೆ. ಜೀನಾ ಕಾರ್ಡ್‌ಮನ್ ಮತ್ತು ಸ್ಟೆಫನಿ ವಿಲ್ಸನ್. ಆ ಎರಡು ಖಾಲಿ ಸೀಟು ಇವರದ್ದು. ತರಬೇತಿ ಮುಗಿಸಿ ಇನ್ನೇನು ಹೊರಡಬೇಕು ಅನ್ನುವಾಗ ಇಳಿಯಬೇಕಾಯಿತು. ಅದರಲ್ಲೂ ಕಾರ್ಡ್‌ಮನ್ ಆ ತಂಡದ ಕಮಾಂಡರ್. ನನ್ನನ್ನು ಕೇಳಿದರೆ, ಮರುಕ ಹಂಚುವುದಿದ್ದರೆ ಇವರಿಗೂ ಒಂದು ಪಾಲು ಕೊಡಬೇಕಿತ್ತು.

ಫೆಬ್ರವರಿ ಅಂದಿದ್ದು ಮಾರ್ಚ್ ಆಗಿದ್ದು ಯಾಕೆ?

ಮುಂದಿನ ತಂಡ ಬಂದ ಮೇಲೆಯೇ ಇವರು ಹೊರಡಬೇಕಿತ್ತು. ಆ ತಂಡಕ್ಕೆ ಕೊಡಬೇಕಿದ್ದ ಹೊಸ ಡ್ರಾಗನ್ ಸಿದ್ಧವಾಗಲಿಲ್ಲ. ಡಿಸೆಂಬರ್‌ನಲ್ಲಿ ನಾಸಾ ಮಾರ್ಚ್ ಕೊನೆಗೆ ಮುಂದೂಡಿತು. ಆಮೇಲೆ ಹಳೇ ಡ್ರಾಗನ್ ಒಂದನ್ನು ಬಳಸಿ ಸ್ವಲ್ಪ ಹಿಂದಕ್ಕೆ ತಂದರು.

ಬೈಡನ್ ಬೇಕಂತಲೇ ಬಿಟ್ಟರು, ಟ್ರಂಪ್ ಮತ್ತು ಮಸ್ಕ್ ಕಾಪಾಡಿದರು ಅಂತಾರಲ್ಲ?

2025ರ ಜನವರಿ ಕೊನೆಯಲ್ಲಿ ಎದ್ದ ಮಾತು ಇದು. ಬೈಡನ್ ಸರ್ಕಾರ ಇಬ್ಬರನ್ನೂ ಕೈಬಿಟ್ಟಿತ್ತು, ಅವರನ್ನು ಕರೆತರಲು ಸ್ಪೇಸ್‌ಎಕ್ಸ್‌ಗೆ ಹೇಳಿದ್ದೇನೆ ಅಂತ ಟ್ರಂಪ್ ಬರೆದರು. ಅಷ್ಟು ದಿನ ಬಿಟ್ಟಿದ್ದು ತಪ್ಪು ಅಂತ ಸ್ಪೇಸ್‌ಎಕ್ಸ್ ಒಡೆಯ ಮಸ್ಕ್ ದನಿಗೂಡಿಸಿದರು. ಆದರೆ ಅವರು ಇಳಿಯಬೇಕಿದ್ದ ಡ್ರಾಗನ್ ಆಗಲೇ ನಾಲ್ಕು ತಿಂಗಳಿಂದ ನಿಲ್ದಾಣಕ್ಕೆ ಅಂಟಿಕೊಂಡು ನಿಂತಿತ್ತು!

ಬೇಗ ಕರೆತರುತ್ತೇವೆ ಅಂತ ತಾವು ಹೇಳಿದ್ದನ್ನು ಬೈಡನ್ ಸರ್ಕಾರ ತಳ್ಳಿಹಾಕಿತು ಅಂತ ಮಸ್ಕ್ ಹೇಳಿದರು. ಅಂಥದ್ದು ತಮ್ಮ ಕಿವಿಗೆ ಬಿದ್ದಿಲ್ಲ ಅಂದರು ಆಗ ನಾಸಾ ಮುಖ್ಯಸ್ಥರಾಗಿದ್ದ ಬಿಲ್ ನೆಲ್ಸನ್. ಹಿಂದೊಮ್ಮೆ ನಿಲ್ದಾಣದ ಕಮಾಂಡರ್ ಆಗಿದ್ದ ಡೆನ್ಮಾರ್ಕ್‌ನ ಆಂಡ್ರಿಯಾಸ್ ಮೊಗೆನ್ಸನ್, ರಾಜಕೀಯ ಕಾರಣಕ್ಕೆ ಬಿಟ್ಟರು ಅನ್ನೋದು ಸುಳ್ಳು ಅಂತ ಬಹಿರಂಗವಾಗಿಯೇ ಬರೆದರು. ಮಸ್ಕ್ ಅವರನ್ನು ಬೈದು ಉತ್ತರ ಕೊಟ್ಟರು. ನಿಲ್ದಾಣದಿಂದಲೇ ಮಾತಾಡಿದ ಬುಚ್, ತಮಗೆ ತಿಳಿದ ಮಟ್ಟಿಗೆ ಇದರಲ್ಲಿ ರಾಜಕೀಯ ಇಲ್ಲ ಅಂದರು. ಮಸ್ಕ್ ಹೇಳಿದ್ದನ್ನು ಅಲ್ಲಗಳೆಯಲೂ ಇಲ್ಲ.

ಅಮೆರಿಕದಲ್ಲಿ ಯಾರು ಯಾವ ಪಕ್ಷವೋ ಅವರಿಗೆ ಆ ಕಥೆ ಹಿಡಿಸಿತು. ನಮ್ಮಲ್ಲೂ ವಾಟ್ಸಾಪ್‌ನಲ್ಲಿ "ಮಸ್ಕ್ ಕಾಪಾಡಿದ" ಅನ್ನುವುದೇ ಜಾಸ್ತಿ ಓಡಿತು. ಸ್ಪೇಸ್‌ಎಕ್ಸ್ ನೌಕೆ ಇಲ್ಲದಿದ್ದರೆ ನಾಸಾಗೆ ಪೇಚಾಟವಾಗುತ್ತಿತ್ತು ಅನ್ನುವುದು ಮಾತ್ರ ಖಂಡಿತ.

ಸುನಿತಾ ಅಷ್ಟು ಸೊರಗಿದ್ದು ಯಾಕೆ? ಆ ಫೋಟೋ ನೋಡಿ ಗಾಬರಿಯಾಯಿತು.

ಸೆಪ್ಟೆಂಬರ್‌ನಲ್ಲಿ ತೆಗೆದ ಫೋಟೋ ಅದು. ಊಟದ ಮೇಜಿನ ಮುಂದೆ ಸುನಿತಾ ಮತ್ತು ಬುಚ್, ಮುಂದೆ ಪಿಜ್ಜಾ. ನವೆಂಬರ್ ಮೊದಲ ವಾರ ಅದು ಎಲ್ಲ ಕಡೆ ಹರಿದಾಡಿತು. ಕೆನ್ನೆ ಒಳಗೆ ಹೋಗಿದೆ ಅಂತ ಒಂದು ಬ್ರಿಟಿಷ್ ಪತ್ರಿಕೆ ಡಾಕ್ಟರ್ ಒಬ್ಬರ ಅಭಿಪ್ರಾಯವನ್ನೂ ಹಾಕಿತು. ಅವರನ್ನು ಪರೀಕ್ಷೆ ಮಾಡದ ಡಾಕ್ಟರ್! ನಮ್ಮ ಚಾನೆಲ್‌ಗಳೂ ಆ ಮುಖಕ್ಕೆ ಕೆಂಪು ವೃತ್ತ ಹಾಕಿ ತೋರಿಸಿದವು.

ಎಲ್ಲರಿಗೂ ನಿಯಮಿತವಾಗಿ ತಪಾಸಣೆ ಆಗುತ್ತಿದೆ, ಆರೋಗ್ಯ ಚೆನ್ನಾಗಿದೆ ಅಂತ ನಾಸಾ ಹೇಳಿತು. ಸುನಿತಾ ಕೊಟ್ಟ ಉತ್ತರ ಇನ್ನೂ ಚೆನ್ನಾಗಿತ್ತು. ಮಕ್ಕಳ ಕಾರ್ಯಕ್ರಮವೊಂದರಲ್ಲಿ ಮಾತಾಡುತ್ತಾ, ತೂಕ ಬಂದಾಗ ಎಷ್ಟಿತ್ತೋ ಅಷ್ಟೇ ಇದೆ ಅಂದರು. ಭಾರ ಎತ್ತಿ ಎತ್ತಿ ತೊಡೆ ದಪ್ಪ ಆಗಿದೆ ಅಂತಲೂ ಸೇರಿಸಿದರು. ತೂಕವೇ ಇಲ್ಲದ ಕಡೆ ಮೈಯ ದ್ರವ ಮೇಲಕ್ಕೆ ಏರುತ್ತದೆ. ಮುಖ ಬೇರೆ ಥರ ಕಾಣುತ್ತದೆ, ಕಾಲು ಸಣ್ಣಗಾಗುತ್ತದೆ. ಮೂಳೆ ಸವೆಯದಿರಲಿ ಅಂತ ದಿನಕ್ಕೆ ಎರಡು ಗಂಟೆಗೂ ಮೀರಿ ವ್ಯಾಯಾಮ ಮಾಡಲೇಬೇಕು.

ಆದರೆ ಜನರ ಕರುಳು ಹಿಂಡಿದ್ದು ಇನ್ನೊಂದು ಮಾತು. ತಾವು ಬೆಳೆದ ನೀಡಮ್ ಊರಿನ ಹೈಸ್ಕೂಲ್ ಮಕ್ಕಳೊಂದಿಗೆ ಜನವರಿಯಲ್ಲಿ ಮಾತಾಡುವಾಗ, ನಡೆಯುವುದು ಹೇಗಿರುತ್ತೆ ಅಂತ ನೆನಪು ಮಾಡಿಕೊಳ್ಳುತ್ತಿದ್ದೇನೆ ಅಂದರು. ಇಲ್ಲಿ ಕೂತಿಲ್ಲ, ಮಲಗಿಲ್ಲ, ಸುಮ್ನೆ ಕಣ್ಣು ಮುಚ್ಚಿ ಎಲ್ಲಿದ್ದೇವೋ ಅಲ್ಲೇ ತೇಲುತ್ತೇವೆ ಅಂತ. ಮಕ್ಕಳಿಗೆ ಖುಷಿಯಾಗಲಿ ಅಂತ ಹೇಳಿದ್ದು. ನಮ್ಮಲ್ಲಿ ಅದು "ನಡೆಯುವುದನ್ನೇ ಮರೆತ ಸುನಿತಾ" ಅಂತಾಯಿತು. ಮೂರೇ ದಿನಕ್ಕೆ ಅದೇ ಸುನಿತಾ ನಿಲ್ದಾಣದ ಹೊರಗೆ ಹೋಗಿ ಕೆಲಸ ಮಾಡಿದರು. ಒಟ್ಟು 62 ಗಂಟೆ 6 ನಿಮಿಷದ ಬಾಹ್ಯಾಕಾಶ ನಡಿಗೆ, ಮಹಿಳೆಯರಲ್ಲಿ ದಾಖಲೆ.

ಎಂಟು ದಿನಕ್ಕೆ ಹೋದವರ ಹತ್ತಿರ ಕ್ರಿಸ್‌ಮಸ್ ಫೋಟೋದಲ್ಲಿ ಕಂಡ ಸಾಂಟಾ ಟೋಪಿ ಎಲ್ಲಿಂದ ಬಂತು?

ನವೆಂಬರ್‌ನಲ್ಲಿ ಸರಕು ನೌಕೆಯಲ್ಲಿ ಬಂತು. ಹಬ್ಬದ ಅಡುಗೆಯೂ ಅದರಲ್ಲೇ ಬಂತು. ನಿಲ್ದಾಣಕ್ಕೆ ಸಾಮಾನು ಹೊತ್ತ ನೌಕೆಗಳು ವರ್ಷವಿಡೀ ಬರುತ್ತಿರುತ್ತವೆ. ಇದು ಗೊತ್ತಿಲ್ಲದವರು ಎಲ್ಲ ಸ್ಟುಡಿಯೋದಲ್ಲೇ ನಡೀತಿದೆ ಅಂತ ಕಥೆ ಕಟ್ಟಿದರು.

ನಿಜವಾಗಿ ಕೊರತೆ ಬಿದ್ದಿದ್ದು ಬಟ್ಟೆ. ನಿಲ್ದಾಣದಲ್ಲಿ ಮೂತ್ರವನ್ನು ಕುಡಿಯುವ ನೀರಾಗಿ ಮಾಡುವ ಯಂತ್ರದ ಪಂಪ್ ಕೆಟ್ಟಿತ್ತು. ಹೊಸ ಪಂಪ್‌ಗೆ ಜಾಗ ಮಾಡಲು ಹೊರಡುವ ಮೊದಲೇ ಇಬ್ಬರ ಸೂಟ್‌ಕೇಸ್ ಇಳಿಸಿದ್ದರು. ಎಂಟು ದಿನ ತಾನೇ ಅಂತ. ಆಗಸ್ಟ್‌ನಲ್ಲಿ ಸರಕು ನೌಕೆ ಬರುವವರೆಗೆ ಅಲ್ಲಿದ್ದ ಹೆಚ್ಚುವರಿ ಬಟ್ಟೆಯಲ್ಲೇ ದಿನ ದೂಡಿದರು.

ಸ್ಟಾರ್‌ಲೈನರ್‌ನಿಂದ ಬಂದ ವಿಚಿತ್ರ ಸದ್ದು ಏನಾಯಿತು?

ಆಗಸ್ಟ್ 31ರಂದು ಬುಚ್ ಭೂಮಿಗೆ ಕರೆ ಮಾಡಿ, ಸ್ಟಾರ್‌ಲೈನರ್‌ನ ಸ್ಪೀಕರ್‌ನಿಂದ ಏನೋ ಸದ್ದು ಬರ್ತಿದೆ ಅಂದರು. ಮೈಕ್ ಹಿಡಿದು ಕೇಳಿಸಿದರು. ಒಂದೇ ಲಯದಲ್ಲಿ ಬಡಿಯುವ ಸದ್ದು. ಮುಂದೆ ಏನಾಗಿರಬಹುದು ಊಹಿಸಿ: ಅನ್ಯಗ್ರಹದವರು ಬಾಗಿಲು ತಟ್ಟಿದರು ಅಂತ ರೀಲ್ಸ್. ನಿಲ್ದಾಣ ಮತ್ತು ನೌಕೆಯ ಆಡಿಯೋ ಜೋಡಣೆಯಿಂದ ಹುಟ್ಟಿದ ಸದ್ದು ಅಂತ ನಾಸಾ ಹೇಳಿತು. ಸದ್ದೂ ನಿಂತಿತು.

ಭಾರತದಲ್ಲಿ ಅಷ್ಟೊಂದು ಆತಂಕ ಯಾಕೆ? ಅವರು ಅಮೆರಿಕದವರಲ್ವಾ?

ಹೌದು, ಹುಟ್ಟಿದ್ದು ಒಹಾಯೋದಲ್ಲಿ, ಅಮೆರಿಕ ನೌಕಾಪಡೆಯ ಪೈಲಟ್. ಆದರೆ ತಂದೆ ದೀಪಕ್ ಪಾಂಡ್ಯ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಝೂಲಾಸಣ್ ಊರಿನವರು. ಸುನಿತಾ ಆ ಊರಿಗೆ ಬಂದು ಹೋಗಿದ್ದಾರೆ. ಹಿಂದಿನ ಹಾರಾಟಗಳಲ್ಲಿ ಗಣಪತಿ ವಿಗ್ರಹ, ಭಗವದ್ಗೀತೆ, ಸಮೋಸ ಒಯ್ದಿದ್ದರು. ಇಷ್ಟು ಸಾಕಲ್ಲ ನಮಗೆ "ನಮ್ಮ ಹುಡುಗಿ" ಅನ್ನೋಕೆ.

ಝೂಲಾಸಣ್‌ನ ದೋಲಾ ಮಾತಾ ಗುಡಿಯಲ್ಲಿ ಸುನಿತಾಗಾಗಿ ಅಖಂಡ ಜ್ಯೋತಿ ಹಚ್ಚಿಟ್ಟರು. 2025ರ ಮಾರ್ಚ್ 19ರ ಬೆಳಗಿನ ಜಾವ 3 ಗಂಟೆ 27 ನಿಮಿಷಕ್ಕೆ ಡ್ರಾಗನ್ ಫ್ಲಾರಿಡಾದ ಸಮುದ್ರಕ್ಕೆ ಬಿದ್ದಾಗ ಊರಿಗೆ ಊರೇ ಎದ್ದು ಕೂತು ನೋಡುತ್ತಿತ್ತು. ಪಟಾಕಿ, ಕುಣಿತ ಎಲ್ಲ ಆಯಿತು. ಪ್ರಧಾನಿ ಮೋದಿ ಮಾರ್ಚ್ 1ರಂದೇ ಪತ್ರ ಬರೆದು ಭಾರತಕ್ಕೆ ಕರೆದಿದ್ದರು. ಅಂದಹಾಗೆ ಸುನಿತಾರ ತಾಯಿಯ ಕಡೆಯ ಬೇರು ಸ್ಲೊವೇನಿಯಾದ್ದು. ಆ ಪುಟ್ಟ ದೇಶವೂ ಅವರನ್ನು ತನ್ನವರು ಅಂತಲೇ ಕರೆಯುತ್ತದೆ.

ಆದರೆ ನಮ್ಮ ಭಯಕ್ಕೆ ಇದಕ್ಕಿಂತ ಆಳದ ಕಾರಣ ಹರಿಯಾಣದ ಕಲ್ಪನಾ ಚಾವ್ಲಾ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಇಳಿಯಲು ಕೆಲವೇ ನಿಮಿಷ ಇರುವಾಗ ಚೂರಾಗಿದ್ದನ್ನು ಇಲ್ಲಿ ಒಂದಿಡೀ ತಲೆಮಾರು ಟಿವಿಯಲ್ಲಿ ನೋಡಿದೆ. ಹಾಗಾಗಿ ಅಮೆರಿಕದವರು "ಯಾವಾಗ ಬರ್ತಾರೆ" ಅಂತ ಕೇಳಿದರೆ, ಇಲ್ಲಿ "ಇಳಿಯುವಾಗ ಏನೂ ಆಗಲ್ಲ ತಾನೇ" ಅಂತ ಕೇಳುತ್ತಿದ್ದರು. ಇದು ಬರೀ ಭಾವುಕತೆ ಅಂತ ತಳ್ಳಿಹಾಕಬೇಡಿ. ಸ್ಟಾರ್‌ಲೈನರ್ ಬೇಡ ಅಂತ ತೀರ್ಮಾನಿಸುವಾಗ ನೆಲ್ಸನ್ ಕೂಡ 1986ರಲ್ಲಿ ಹೊರಟ ಕೂಡಲೇ ಸಿಡಿದ ಚಾಲೆಂಜರ್ ಮತ್ತು ಕೊಲಂಬಿಯಾ ಹೆಸರನ್ನೇ ಎತ್ತಿದ್ದರು. ಹರಿಯಾಣದ ಅಜ್ಜಿಗೂ ನಾಸಾ ಮುಖ್ಯಸ್ಥರಿಗೂ ಹೆದರಿಕೆ ಒಂದೇ ಇತ್ತು.

ಬುಚ್ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡಲೇ ಇಲ್ವಲ್ಲ?

ನಿಜ. ಎಷ್ಟೋ ಸುದ್ದಿಗಳಲ್ಲಿ ಅವರು "ಮತ್ತೊಬ್ಬ ಗಗನಯಾತ್ರಿ". ಆ ಹಾರಾಟದ ಕಮಾಂಡರ್ ಅವರೇ. ಥ್ರಸ್ಟರ್ ಕೈಕೊಟ್ಟಾಗ ನೌಕೆಯ ಹಿಡಿತ ಅವರ ಕೈಯಲ್ಲಿತ್ತು. ಮಗಳ ಹೈಸ್ಕೂಲಿನ ಕೊನೆಯ ವರ್ಷವೆಲ್ಲ ಅವರು ಮೇಲೆಯೇ ಕಳೆದರು. ಅಮೆರಿಕದ ಚರ್ಚ್‌ಗಳಲ್ಲಿ ಮಾತ್ರ ಅವರ ಹೆಸರು ಚೆನ್ನಾಗಿ ಓಡಾಡಿತು. ಹ್ಯೂಸ್ಟನ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅವರು ಹಿರಿಯರು.

ಒಂಬತ್ತು ತಿಂಗಳ ಓವರ್‌ಟೈಮ್ ಎಷ್ಟು ಬಂತು?

ಸೊನ್ನೆ. ಅವರು ಸರ್ಕಾರಿ ನೌಕರರು, ಆಫೀಸ್ ಕೆಲಸಕ್ಕೆ ಪ್ರವಾಸ ಹೋದ ಲೆಕ್ಕ. ಸಂಬಳ ಎಂದಿನಂತೆ ಬರುತ್ತದೆ, ಊಟ ವಸತಿ ಸರ್ಕಾರದ್ದು. ಮೇಲುಖರ್ಚಿಗೆ ದಿನಕ್ಕೆ 5 ಡಾಲರ್. 286 ದಿನಕ್ಕೆ 1,430 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಒಂದೂಕಾಲು ಲಕ್ಷ ರೂಪಾಯಿ. ಇದು ಕೇಳಿ ಜನರಿಗೆ ಥ್ರಸ್ಟರ್ ವಿಷಯಕ್ಕಿಂತ ಜಾಸ್ತಿ ಸಿಟ್ಟು ಬಂತು! ಬೇಕಾದರೆ ನನ್ನ ಜೇಬಿನಿಂದ ಕೊಡುತ್ತೇನೆ ಅಂತ ಟ್ರಂಪ್ ಹೇಳಿದರು.

ಇಳಿದ ಕೂಡಲೇ ಸ್ಟ್ರೆಚರ್ ಮೇಲೆ ಹಾಕಿದರಲ್ಲ, ಅಷ್ಟು ನಿತ್ರಾಣ ಆಗಿತ್ತಾ?

ಅದು ಪದ್ಧತಿ. ತಿಂಗಳುಗಟ್ಟಲೆ ತೇಲಿ ಬಂದವರಿಗೆ ಕಿವಿಯೊಳಗಿನ ಸಮತೋಲ ತಪ್ಪಿರುತ್ತದೆ, ನಿಂತರೆ ಬೀಳಬಹುದು. ಆರು ತಿಂಗಳಿಗೆ ಬಂದವರನ್ನೂ ಹೀಗೇ ಇಳಿಸುತ್ತಾರೆ. ಸುನಿತಾ ನಗುತ್ತಾ ಕೈ ಬೀಸಿದರು. ನೌಕೆಯ ಸುತ್ತ ಡಾಲ್ಫಿನ್‌ಗಳು ಬಂದು ಸುತ್ತಿದ್ದು ನೋಡಿ ಅರ್ಧ ಜಗತ್ತು ಸ್ಟ್ರೆಚರ್ ಮರೆತಿತು.

ಇದೇ ಅತಿ ದೀರ್ಘ ವಾಸವಾ?

ಅಲ್ಲವೇ ಅಲ್ಲ. ವಲೇರಿ ಪೊಲ್ಯಾಕೊವ್ 1994–95ರಲ್ಲಿ ಮೀರ್ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಇದ್ದರು, ಅದೂ ಮೊದಲೇ ಯೋಜಿಸಿ.

ಯೋಜನೆ ತಪ್ಪಿ ಉಳಿದವರಲ್ಲಿ ಫ್ರಾಂಕ್ ರೂಬಿಯೊ ಕಥೆ ನನಗೆ ಇದಕ್ಕಿಂತ ಕಷ್ಟದ್ದು ಅನ್ನಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಆರು ತಿಂಗಳಿಗೆ ಹೋದರು. ಡಿಸೆಂಬರ್‌ನಲ್ಲಿ ಅವರ ಸೋಯುಜ್ ನೌಕೆಯ ತಂಪುಕಾರಕ ದ್ರವ ಸೋರಿಹೋಯಿತು. ಬದಲಿ ನೌಕೆ ಬಂದು, ಪಾಳಿ ಇಮ್ಮಡಿಯಾಗಿ, 371 ದಿನ ಆಯಿತು. ಒಂದು ವರ್ಷ ಅಂತ ಮೊದಲೇ ಹೇಳಿದ್ದರೆ ಒಪ್ಪುತ್ತಿರಲಿಲ್ಲ ಅಂತ ಇಳಿದ ಮೇಲೆ ಮುಚ್ಚುಮರೆ ಇಲ್ಲದೆ ಹೇಳಿದರು. ಅವರಿಗಾಗಿ ಇಷ್ಟು ಗದ್ದಲ ಆಗಲಿಲ್ಲ. ಚುನಾವಣೆ ಇರಲಿಲ್ಲ, ಬೋಯಿಂಗ್ ಇರಲಿಲ್ಲ. 2024ರ ಜನವರಿಯಲ್ಲಿ ಹಾರುತ್ತಿದ್ದ 737 ಮ್ಯಾಕ್ಸ್ ವಿಮಾನದ ಬಾಗಿಲ ಭಾಗವೇ ಕಿತ್ತುಹೋದ ಮೇಲೆ ಆ ಕಂಪನಿ ಏನು ಮಾಡಿದರೂ ಜನ ಬೈಯಲು ಕಾದಿದ್ದರು.

ಇನ್ನು ಸೆರ್ಗೆ ಕ್ರಿಕಲೆವ್. 1991ರ ಮೇನಲ್ಲಿ ಸೋವಿಯತ್ ಒಕ್ಕೂಟದಿಂದ ಹೋದರು, 1992ರ ಮಾರ್ಚ್‌ನಲ್ಲಿ ಇಳಿಯುವಾಗ ಆ ದೇಶವೇ ಇರಲಿಲ್ಲ. ಅವರ ಊರು ಲೆನಿನ್‌ಗ್ರಾಡ್ ಅಷ್ಟರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಆಗಿತ್ತು.

ಚೀನಾದಲ್ಲೂ ಹೀಗೇ ಆಯಿತಂತೆ?

2025ರ ನವೆಂಬರ್‌ನಲ್ಲಿ. ಶೆಂಝೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು, ಬಾಹ್ಯಾಕಾಶದ ಕಸ ಬಡಿದಿರಬೇಕು ಅಂದರು. ಮೂವರು ಹೊಸ ತಂಡದ ನೌಕೆಯಲ್ಲಿ ನವೆಂಬರ್ 14ರಂದು ಇಳಿದರು. ಆದರೆ ಆಗ ಮೇಲೆ ಉಳಿದ ಹೊಸ ಮೂವರಿಗೆ ಭರವಸೆಯ ನೌಕೆಯೇ ಇಲ್ಲದಂತಾಯಿತು. 11 ದಿನಗಳ ನಂತರ ಖಾಲಿ ಶೆಂಝೌ-22 ಕಳಿಸಿದರು. ಸುನಿತಾಗಾಗಿ ದಿನವಿಡೀ ಚರ್ಚೆ ನಡೆಸಿದ ನಮ್ಮ ಚಾನೆಲ್‌ಗಳಿಗೆ ಇದು ಒಂದು ಸಾಲಿನ ಸುದ್ದಿ.

ಜನ ಬೋಯಿಂಗ್‌ಗೆ ಬೈದರು. ಅವರಿಬ್ಬರು ಯಾರನ್ನು ಬೈದರು?

ಮಾರ್ಚ್ 31ರಂದು ಹ್ಯೂಸ್ಟನ್‌ನಲ್ಲಿ ಪತ್ರಕರ್ತರು ಇದನ್ನೇ ಕೇಳಿದರು. ಬುಚ್ ತಮ್ಮಿಂದಲೇ ಶುರುಮಾಡಿದರು. ಕಮಾಂಡರ್ ಆಗಿ ಹಾರಾಟಕ್ಕೆ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಬೇಕಿತ್ತು, ಕೇಳಲಿಲ್ಲ ಅಂದರು. ಬೋಯಿಂಗ್, ನಾಸಾ ಎಲ್ಲರದ್ದೂ ಪಾಲಿದೆ ಅಂತಲೂ ಹೇಳಿದರು. ಸ್ಟಾರ್‌ಲೈನರ್‌ನಲ್ಲಿ ಮತ್ತೆ ಹೋಗ್ತೀರಾ ಅಂದಿದ್ದಕ್ಕೆ ಇಬ್ಬರೂ ಹೌದು ಅಂದರು. ಹಾಗಂತ ಜನರ ಸಿಟ್ಟು ತಪ್ಪು ಅಂತ ನಾನು ಹೇಳಲ್ಲ. 2014ರಲ್ಲಿ ಬೋಯಿಂಗ್‌ಗೆ ಸಿಕ್ಕ ಗುತ್ತಿಗೆ 4.2 ಬಿಲಿಯನ್ ಡಾಲರ್, ಸ್ಪೇಸ್‌ಎಕ್ಸ್‌ಗೆ 2.6 ಬಿಲಿಯನ್. ಕಮ್ಮಿ ದುಡ್ಡು ಪಡೆದವರು 2020ರಲ್ಲೇ ಮನುಷ್ಯರನ್ನು ಕಳಿಸಿದರು. ದುಡ್ಡು ಕೊಟ್ಟವರು ಕೇಳಲೇಬೇಕಾದ ಪ್ರಶ್ನೆ ಇದು. ಕೆನ್ನೆ ಒಳಗೆ ಹೋಗಿದೆಯಾ ಅನ್ನುವುದಲ್ಲ.

ನಮ್ಮ ಗಗನಯಾನಕ್ಕೆ ಇದರಿಂದ ಏನಾದರೂ ಇದೆಯಾ?

ಇದೆ. ಗಗನಯಾನದ ಯಾತ್ರಿಗಳು ತರಬೇತಿ ಪಡೆಯುವುದು ಬೆಂಗಳೂರಿನಲ್ಲಿ. ಅವರಲ್ಲಿ ಒಬ್ಬರಾದ, ಐಐಎಸ್‌ಸಿಯಲ್ಲಿ ಓದಿದ ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಡ್ರಾಗನ್‌ನಲ್ಲೇ ನಿಲ್ದಾಣಕ್ಕೆ ಹೋದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮೊಳಕೆ ಬರಿಸಲು ಕೊಟ್ಟ ಹೆಸರುಕಾಳು, ಮೆಂತ್ಯವೂ ಜೊತೆಗೆ ಹೋದವು. ಅದಕ್ಕೆ ಮೊದಲು ರಾಕೆಟ್‌ನಲ್ಲಿ ಆಮ್ಲಜನಕ ಸೋರಿಕೆ, ನಿಲ್ದಾಣದಲ್ಲಿ ಗಾಳಿ ಸೋರಿಕೆ ಅಂತ ಹಲವು ಸಲ ಮುಂದೂಡಿದ್ದರು. 14 ದಿನ ಅಂದಿದ್ದು ನಿಲ್ದಾಣದಲ್ಲೇ ಸುಮಾರು 18 ದಿನ ಆಯಿತು. ಆಗಲೂ "ಇವರೂ ಸಿಕ್ಕಿಹಾಕಿಕೊಂಡ್ರಾ" ಅಂತ ಕೇಳಿದವರಿದ್ದರು. ನಮ್ಮದೇ ನೌಕೆಯಲ್ಲಿ ನಮ್ಮವರು ಹೋಗುವ ದಿನಾಂಕ ನಾಲ್ಕು ಸಲ ಬದಲಾದರೆ ಬೈಯಬೇಡಿ. ಸೋರಿಕೆ ಗೊತ್ತಿದ್ದೂ ಹೊರಟರೆ ಆಗ ಬೈಯಿರಿ.

ಈಗ ಅವರಿಬ್ಬರು ಎಲ್ಲಿದ್ದಾರೆ? ಸ್ಟಾರ್‌ಲೈನರ್ ಮತ್ತೆ ಹಾರುತ್ತಾ?

ಬುಚ್ 2025ರ ಆಗಸ್ಟ್‌ನಲ್ಲಿ ನಾಸಾ ಬಿಟ್ಟರು. ಮೂರು ಹಾರಾಟ ಸೇರಿ 608 ದಿನ ಮೇಲಿದ್ದ ಸುನಿತಾ ಆ ವರ್ಷದ ಡಿಸೆಂಬರ್‌ನಲ್ಲಿ ನಿವೃತ್ತರಾದರು. ಸ್ಟಾರ್‌ಲೈನರ್‌ನ ಮುಂದಿನ ಹಾರಾಟದಲ್ಲಿ ಮನುಷ್ಯರಿರುವುದಿಲ್ಲ, ಬರೀ ಸರಕು ಅಂತ 2025ರ ನವೆಂಬರ್‌ನಲ್ಲಿ ನಾಸಾ ತಿಳಿಸಿದೆ.